ಗೀತೆಯಲ್ಲೊಂದು ಔಷಧಿ ಚೀಟಿ

ಕೆಲವು ತಿಂಗಳ ಹಿಂದಿನ ಮಾತು. ಸಂಜೆ ಐದರ ಸುಮಾರಿಗೆ ಒಬ್ಬ ಹೆಂಗಸನ್ನು ಅವರ ಮಗ ಆಟೋದಲ್ಲಿ ಕರೆತಂದ. ವಯಸ್ಸು ಐವತ್ತೆಂಟು. ಮೈಯೆಲ್ಲ ಬೆವರಿನಿಂದ ತೊಯ್ದುಹೋಗಿತ್ತು. ಕೈ ನಡುಗುತ್ತಿತ್ತು. ಹೆಸರು ಕೇಳಿದರೆ ತಡವರಿಸುತ್ತಿದ್ದರು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದೆ. ಸಕ್ಕರೆ ಅಂಶ 48 ಮಾತ್ರ! ಅದು 70ಕ್ಕಿಂತ ಕೆಳಗೆ ಇಳಿದರೆ ಎಚ್ಚರಿಕೆಯ ಗಂಟೆ ಎಂದೇ ತಿಳಿಯಬೇಕು. ತಕ್ಷಣ ಗ್ಲೂಕೋಸ್ ಕೊಟ್ಟಿದ್ದಾಯಿತು. ಸ್ವಲ್ಪ ಹೊತ್ತಿಗೆ ಅವರು ಕಣ್ಣರಳಿಸಿ ಮಾತನಾಡಿದರು.

"ಇವತ್ತು ಏಕಾದಶಿ ಡಾಕ್ಟ್ರೇ. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ತಗೊಂಡಿಲ್ಲ. ಆದರೆ ಸಕ್ಕರೆ ಮಾತ್ರೆ ಮಾತ್ರ ತಪ್ಪಿಸಿಲ್ಲ" ಎಂದರು. ಮಾತ್ರೆ ತಪ್ಪಿಸದೆ ಇದ್ದುದಕ್ಕೆ ನಾನು ಮೆಚ್ಚಿಕೊಳ್ಳುತ್ತೇನೆಂದು ಅವರು ಭಾವಿಸಿದ್ದರು. ಹತ್ತು ವರ್ಷದಿಂದ ಪ್ರತಿದಿನ ಗೀತೆಯ ಒಂದು ಅಧ್ಯಾಯ ಪಾರಾಯಣ ಮಾಡುವವರು. "ಗೀತೆ ಓದೋರು ಇಷ್ಟಾದರೂ ನೇಮ ಇಟ್ಟುಕೊಳ್ಳಬೇಡವೇ?" ಎಂದು ನನ್ನನ್ನೇ ಕೇಳಿದರು.

ಅದೇ ವಾರ ಇನ್ನೊಬ್ಬರು ಬಂದರು. ನಲವತ್ತೆರಡು ವರ್ಷ, ಖಾಸಗಿ ಕಂಪನಿಯಲ್ಲಿ ಒಳ್ಳೆಯ ಹುದ್ದೆ. ತಲೆನೋವೆಂದು ಬಂದವರ ರಕ್ತದೊತ್ತಡ 170/104 ಇತ್ತು. ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದರೂ ಅಷ್ಟೇ. ರಾತ್ರಿ ಒಂದು ಗಂಟೆಗೆ ಮಲಗಿ ಐದಕ್ಕೆ ಏಳುತ್ತಾರಂತೆ. ಮಧ್ಯಾಹ್ನದ ಊಟ ಕಂಪ್ಯೂಟರ್ ಮುಂದೆಯೇ. "ರಜಾ ಹಾಕಿ ಎರಡು ವರ್ಷ ಆಯಿತು ಸರ್. ಕರ್ಮಯೋಗ ಅಂದರೆ ಇದೇ ಅಲ್ಲವೇ?" ಎಂದು ನಕ್ಕರು.

ಒಬ್ಬರು ಗೀತೆಯ ಹೆಸರಿನಲ್ಲಿ ಊಟ ಬಿಟ್ಟಿದ್ದರು, ಇನ್ನೊಬ್ಬರು ಗೀತೆಯ ಹೆಸರಿನಲ್ಲಿ ನಿದ್ದೆ ಬಿಟ್ಟಿದ್ದರು. ಇಬ್ಬರಿಗೂ ನಾನು ಗೀತೆಯನ್ನೇ ನೆನಪಿಸಬೇಕಾಯಿತು!

ಎರಡು ಶ್ಲೋಕ, ಐದು ಅಳತೆ

ಭಗವದ್ಗೀತೆಯ ಆರನೆಯ ಅಧ್ಯಾಯ ಧ್ಯಾನದ ವಿಷಯ ಹೇಳುವಂಥದ್ದು. ಆಸನ, ಏಕಾಗ್ರತೆಗಳ ಮಾತಿನ ನಡುವೆ 16 ಮತ್ತು 17ನೆಯ ಶ್ಲೋಕಗಳಲ್ಲಿ ಕೃಷ್ಣ ಇದ್ದಕ್ಕಿದ್ದಂತೆ ಊಟ–ನಿದ್ದೆಯ ವಿಚಾರಕ್ಕೆ ಬರುತ್ತಾನೆ. ಅದರ ಭಾವಾರ್ಥ ಇಷ್ಟು: ಅತಿಯಾಗಿ ತಿನ್ನುವವನಿಗೆ ಯೋಗ ಸಿದ್ಧಿಸದು, ಏನೂ ತಿನ್ನದೆ ಇರುವವನಿಗೂ ಸಿದ್ಧಿಸದು. ವಿಪರೀತ ಮಲಗುವವನಿಗೂ ಇಲ್ಲ, ಸದಾ ಎಚ್ಚರವಿರುವವನಿಗೂ ಇಲ್ಲ. ಆಹಾರ, ವಿಹಾರ, ಕೆಲಸ, ನಿದ್ದೆ, ಎಚ್ಚರ ಈ ಐದರಲ್ಲಿ ಯಾರು ಯುಕ್ತರಾಗಿರುತ್ತಾರೋ ಅವರಿಗೆ ಯೋಗವು ದುಃಖವನ್ನು ಕಳೆಯುತ್ತದೆ.

'ಯುಕ್ತ' ಎಂಬ ಮಾತನ್ನು ಸ್ವಲ್ಪ ಗಮನಿಸಿ. 'ಯೋಗ' ಮತ್ತು 'ಯುಕ್ತ' ಎರಡೂ ಒಂದೇ ಧಾತುವಿನಿಂದ ಬಂದ ಪದಗಳು. ಯುಕ್ತ ಎಂದರೆ ಕಡಿಮೆ ಎಂದಲ್ಲ, ತಕ್ಕದ್ದು ಎಂದು. ಗದ್ದೆಯಲ್ಲಿ ದಿನವಿಡೀ ದುಡಿಯುವವರಿಗೆ ಯುಕ್ತವಾದ ಮುದ್ದೆ, ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವವರಿಗೆ ಅತಿ. ಇಪ್ಪತ್ತರ ಯುವಕನಿಗೆ ಯುಕ್ತವಾದದ್ದು ಅರವತ್ತರ ಅಜ್ಜನಿಗೆ ಅಲ್ಲ. ಔಷಧಿ ಬರೆಯುವಾಗ ವೈದ್ಯರಾದ ನಾವು ಮಾಡುವುದೂ ಇದನ್ನೇ. ಔಷಧಿಯ ಹೆಸರಿನಷ್ಟೇ ಅದರ ಪ್ರಮಾಣವೂ ಮುಖ್ಯ.

ಡಿ.ವಿ. ಗುಂಡಪ್ಪನವರು ಗೀತೆಗೆ ತಾವು ಬರೆದ ತಾತ್ಪರ್ಯವನ್ನು 'ಜೀವನಧರ್ಮಯೋಗ' ಎಂದು ಕರೆದರು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು. ಗೀತೆ ಬದುಕುವ ರೀತಿಯನ್ನು ಹೇಳುವ ಗ್ರಂಥ ಎಂಬುದು ಆ ಹೆಸರಿನಲ್ಲೇ ಇದೆ. ಈ ವಾರ ಆ ಐದು ಅಳತೆಗಳನ್ನು ವೈದ್ಯನ ಕಣ್ಣಿನಿಂದ ನೋಡೋಣ.

ಊಟ: ಎಷ್ಟು? ಎಂಥದ್ದು?

ಹೊಟ್ಟೆಯ ನಾಲ್ಕು ಭಾಗದಲ್ಲಿ ಎರಡು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಉಳಿದ ಒಂದು ಭಾಗ ಖಾಲಿ ಇರಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ತೂಕದ ಯಂತ್ರವಿಲ್ಲದ ಕಾಲದ ಈ ಅಳತೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಹೊಟ್ಟೆ ತುಂಬಿತೆಂಬ ಸಂದೇಶ ಮೆದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಗಬಗಬನೆ ತಿಂದರೆ ಆ ಸಂದೇಶ ಬರುವಷ್ಟರಲ್ಲಿ ಎರಡು ಸೌಟು ಅನ್ನ ಹೆಚ್ಚಾಗಿಯೇ ಒಳಗೆ ಹೋಗಿರುತ್ತದೆ. ನಿಧಾನವಾಗಿ, ಟಿ.ವಿ. ಮತ್ತು ಮೊಬೈಲು ದೂರವಿಟ್ಟು ಉಂಡು ನೋಡಿ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿಗಳಿಗೆ ಇರಲಿ. ಕಾಲು ಭಾಗ ಬೇಳೆ, ಕಾಳು. ಅನ್ನ, ಮುದ್ದೆ ಅಥವಾ ಚಪಾತಿಗೆ ಉಳಿದ ಕಾಲು ಭಾಗ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ತಟ್ಟೆಯ ವಿಚಾರ ಇಷ್ಟು ಬಿಡಿಸಿ ಹೇಳುತ್ತಿರುವುದು ಅದಕ್ಕೇ.

ಆಹಾರ ಎಂಥದ್ದಿರಬೇಕು ಎಂಬುದು ಹದಿನೇಳನೆಯ ಅಧ್ಯಾಯದಲ್ಲಿದೆ. ಆಯುಷ್ಯ, ಬಲ, ಆರೋಗ್ಯ, ಸಂತೋಷ ಹೆಚ್ಚಿಸುವಂಥದ್ದು ಸಾತ್ವಿಕ. ಅತಿ ಉಪ್ಪು, ಅತಿ ಹುಳಿ, ಅತಿ ಖಾರ, ಉರಿ ತರಿಸುವಂಥದ್ದು ರಾಜಸ. ಅದು ದುಃಖವನ್ನೂ ರೋಗವನ್ನೂ ಕೊಡುತ್ತದೆ ಎಂದು ಸ್ಪಷ್ಟವಾಗಿಯೇ ಹೇಳಿದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಹಾ ಚಮಚದಷ್ಟು. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಖಾರಾ ಮಿಕ್ಸ್ಚರ್ ಎಲ್ಲವೂ ಸೇರಿ ಇಷ್ಟು! ನಮ್ಮ ಊಟದಲ್ಲಿ ಉಪ್ಪಿನಕಾಯಿ ಎಲೆಯ ತುದಿಗೆ ಬಡಿಸುವ ಪದಾರ್ಥ. ಅದು ತುದಿಯಲ್ಲೇ ಇರಲಿ.

ತಾಮಸ ಆಹಾರದ ಪಟ್ಟಿಯಲ್ಲಿ 'ಯಾತಯಾಮ' ಎಂಬ ಪದವಿದೆ. ಒಂದು ಯಾಮ, ಅಂದರೆ ಮೂರು ಗಂಟೆ, ಕಳೆದದ್ದು ಎಂಬುದು ಅದರ ನೇರ ಅರ್ಥ. ಅರೆಬೆಂದದ್ದು ಎಂದು ಶಂಕರರ ಭಾಷ್ಯ ಅರ್ಥ ಹೇಳುತ್ತದೆ. ಎರಡೂ ಹೊಟ್ಟೆಗೆ ಒಳ್ಳೆಯದಲ್ಲ. ಬೇಯಿಸಿದ ಅನ್ನವನ್ನು ಬೆಚ್ಚಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಹಾಗೇ ಬಿಟ್ಟರೆ ಅದರಲ್ಲಿ ರೋಗಾಣು ಬೆಳೆದು ವಿಷ ಉತ್ಪತ್ತಿ ಮಾಡಬಲ್ಲದು. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಮಿಕ್ಕ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ತಿನ್ನುವ ಮುನ್ನ ಹಬೆಯಾಡುವಂತೆ ಬಿಸಿ ಮಾಡಿ.

ಉಪವಾಸ ಮಾಡಬಾರದೇ? ಎಂದು ನೀವು ಕೇಳಬಹುದು. ಆರೋಗ್ಯವಂತರು ಒಂದು ದಿನ ಹಣ್ಣು–ಹಾಲಿನಲ್ಲಿ ಕಳೆದರೆ ತೊಂದರೆಯಿಲ್ಲ. ಆದರೆ ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿ ಊಟ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಗರ್ಭಿಣಿಯರು, ಬಾಣಂತಿಯರು, ಮೂತ್ರಪಿಂಡದ ಕಾಯಿಲೆಯವರು ಸಹ ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ, ಎದೆಬಡಿತ, ಮಂಕು ಕಂಡರೆ ಕೂಡಲೇ ಮೂರು–ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ವಿಹಾರ ಮತ್ತು ಕೆಲಸ

ವಿಹಾರ ಎಂದರೆ ಓಡಾಟ, ವಿನೋದ, ಬಿಡುವು ಎಲ್ಲವೂ. ಇದು ಸೋಮಾರಿಗಳ ಕೆಲಸವೆಂದು ನಮ್ಮ ಕಂಪನಿಯ ಗೆಳೆಯರು ತಿಳಿದಿದ್ದರು. ಗೀತೆ ಮಾತ್ರ ಅದನ್ನು ಊಟದ ಪಕ್ಕದಲ್ಲೇ ಇಟ್ಟಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ವಯಸ್ಕರಿಗೆ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಒಂದೇ ಸಮನೆ ಸಾಧ್ಯವಿಲ್ಲದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ಆದರೂ ಸರಿ. ಮನೆಯವರೆಲ್ಲ ಒಟ್ಟಿಗೆ ಹೊರಟರೆ ಮಾತುಕತೆಯೂ ಆಗುತ್ತದೆ.

ಕೆಲಸಕ್ಕೂ ಅಳತೆ ಬೇಕು. ಕುಳಿತೇ ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕಿ. ಮನೆಕೆಲಸದಲ್ಲೇ ನವೆಯುವ ತಾಯಂದಿರಿಗೆ ನಾನು ಹೇಳುವುದು ಬೇರೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿನ್ನುವುದು ತ್ಯಾಗವಲ್ಲ, ಅಯುಕ್ತ. ರಕ್ತಹೀನತೆಯೆಂದು ನನ್ನ ಬಳಿ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಹೀಗೆ ಉಣ್ಣುವವರೇ. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಂಡರೆ ಇದು ತಾನಾಗಿಯೇ ಸರಿಹೋಗುತ್ತದೆ.

ನಿದ್ದೆ ಮತ್ತು ಎಚ್ಚರ

ವಯಸ್ಕರಿಗೆ ರಾತ್ರಿ ಏಳು ಗಂಟೆಯಾದರೂ ನಿದ್ದೆ ಬೇಕು. ಬೆಳೆಯುವ ಮಕ್ಕಳಿಗೆ ಇನ್ನೂ ಹೆಚ್ಚು. ವರ್ಷಗಟ್ಟಲೆ ನಿದ್ದೆಗೆಟ್ಟವರಲ್ಲಿ ರಕ್ತದೊತ್ತಡ, ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚು. ನಿದ್ದೆ ಸಾಲದಿದ್ದರೆ ಮರುದಿನ ಹಸಿವು ಹೆಚ್ಚುತ್ತದೆ, ಸಿಹಿ ಮತ್ತು ಕರಿದ ತಿಂಡಿಯತ್ತ ಕೈ ಹೋಗುತ್ತದೆ. ಹೀಗೆ ಒಂದು ಅಳತೆ ತಪ್ಪಿದರೆ ಇನ್ನೊಂದೂ ತಪ್ಪುತ್ತದೆ.

ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ರಜಾದಿನವೂ ಅದೇ ಹೊತ್ತಿಗೆ ಏಳಿ. ಮಧ್ಯಾಹ್ನ ಮೂರರ ಮೇಲೆ ಕಾಫಿ ಬೇಡ. ಹಗಲು ಮಲಗುವುದಿದ್ದರೆ ಅರ್ಧ ಗಂಟೆ ಮೀರದಿರಲಿ. ಮೊಬೈಲು ಫೋನು ಹಾಸಿಗೆಯ ಪಕ್ಕ ಬೇಡ, ನಡುಮನೆಯಲ್ಲಿ ಮಲಗಲಿ!

ಎಷ್ಟು ಮಲಗಿದರೂ ಸಾಲದು ಎನ್ನುವವರೂ ಇದ್ದಾರೆ. ಅವರನ್ನು ಕುಂಭಕರ್ಣ ಎಂದು ಹಾಸ್ಯ ಮಾಡುವ ಮೊದಲು ಪರೀಕ್ಷೆ ಮಾಡಿಸಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಖಿನ್ನತೆ ಇವುಗಳ ಲಕ್ಷಣ ಅದಾಗಿರಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದಂತಾಗುವವರಿಗೆ ನಿದ್ದೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರುತ್ತದೆ. ಅದಕ್ಕೆ ಚಿಕಿತ್ಸೆ ಇದೆ.

ಅರ್ಜುನನ ರೋಗಲಕ್ಷಣ

ಈ ಐದು ಅಳತೆ ತಪ್ಪಿಸುವುದು ನಮ್ಮ ಮನಸ್ಸೇ. ಗೀತೆ ಆರಂಭವಾಗುವುದೂ ಮನಸ್ಸು ಕುಸಿದ ಒಬ್ಬ ವ್ಯಕ್ತಿಯಿಂದ. ಅರ್ಜುನ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವುದನ್ನು ಮೊದಲ ಅಧ್ಯಾಯದಲ್ಲಿ ನೋಡಿ. ಕೈಕಾಲು ಸೋತಿವೆ, ಬಾಯಿ ಒಣಗಿದೆ, ಮೈ ನಡುಗುತ್ತಿದೆ, ರೋಮ ನಿಮಿರಿದೆ, ಬಿಲ್ಲು ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲಾಗುತ್ತಿಲ್ಲ, ಮನಸ್ಸು ಸುತ್ತುತ್ತಿದೆ. ತೀವ್ರ ಆತಂಕದಿಂದ ಬರುವ ರೋಗಿಗಳು ಇಂದೂ ಇದನ್ನೇ ಹೇಳುತ್ತಾರೆ. ಅಷ್ಟು ದೊಡ್ಡ ವೀರನಿಗೇ ಹೀಗಾದರೆ ನಮಗೆ ಆಗುವುದು ನಾಚಿಕೆಯ ವಿಷಯವಲ್ಲ. ಇನ್ನೊಂದು ಮಾತು: ಆ ಅಧ್ಯಾಯದಲ್ಲಿ ಕೃಷ್ಣ ಹೆಚ್ಚುಕಡಿಮೆ ಮೌನವಾಗಿ ಕೇಳಿಸಿಕೊಳ್ಳುತ್ತಾನೆ. ಉತ್ತರ ಬರುವುದು ಎರಡನೆಯ ಅಧ್ಯಾಯದಲ್ಲಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ನಾವೂ ಮೊದಲು ಅವರ ಮಾತು ಕೇಳೋಣ, ಬುದ್ಧಿವಾದ ಆಮೇಲೆ ಹೇಳೋಣ.

ಎರಡನೆಯ ಅಧ್ಯಾಯದಲ್ಲೇ ಕೋಪ ಹುಟ್ಟುವ ಬಗೆಯ ವಿವರವಿದೆ. ಪಕ್ಕದ ಮನೆಯವರು ಹೊಸ ಕಾರು ತಂದರು ಎಂದಿಟ್ಟುಕೊಳ್ಳಿ. ಅದನ್ನೇ ಯೋಚಿಸುತ್ತೀರಿ, ನಂಟು ಬೆಳೆಯುತ್ತದೆ. ನಂಟಿನಿಂದ ಬೇಕೆಂಬ ಆಸೆ. ಸಾಲ ಮಾಡುವುದು ಬೇಡವೆಂದು ಹೆಂಡತಿ ಹೇಳಿದರೆ ಸಿಟ್ಟು. ಸಿಟ್ಟಿನಲ್ಲಿ ಮಂಕು, ಮಂಕಿನಲ್ಲಿ ಯಾರೊಡನೆ ಮಾತನಾಡುತ್ತಿದ್ದೇವೆಂಬ ನೆನಪೇ ಇಲ್ಲ, ಬುದ್ಧಿಯೂ ಹೋಯಿತು. ಆಡಬಾರದ ಮಾತು ಆಡಿಯಾಯಿತು. ಈ ಹೊತ್ತಿನಲ್ಲಿ ದೇಹದೊಳಗೆ ಅಡ್ರಿನಲಿನ್ ಸ್ರಾವ ಹೆಚ್ಚಿ ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಸಿಟ್ಟು ಸಿಡಿದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿವೆ. ಸಿಟ್ಟು ನೆತ್ತಿಗೇರಿದ ಮೇಲೆ ತಡೆಯುವುದು ಕಷ್ಟ. ಮೆಲುಕು ಹಾಕುವಾಗಲೇ ಮನಸ್ಸನ್ನು ಬೇರೆ ಕೆಲಸಕ್ಕೆ ಹಚ್ಚುವುದು ಸುಲಭ. ಎದ್ದು ಹೊರಗೆ ನಡೆಯಿರಿ, ಗಿಡಕ್ಕೆ ನೀರು ಹಾಕಿ, ಐದು ನಿಮಿಷ ನಿಧಾನವಾಗಿ ಉಸಿರಾಡಿ.

ಫಲದ ಚಿಂತೆಯಂತೂ ಪರೀಕ್ಷೆಯ ತಿಂಗಳುಗಳಲ್ಲಿ ನನ್ನ ಕೊಠಡಿಯ ತುಂಬ ಇರುತ್ತದೆ. ಪಿ.ಯು.ಸಿ. ಓದುವ ಹುಡುಗಿಗೆ ಹೊಟ್ಟೆನೋವು, ತಾಯಿಗೆ ನಿದ್ದೆಯಿಲ್ಲ, ತಂದೆಗೆ ಎದೆಯುರಿ. ಪರೀಕ್ಷೆ ಮಾತ್ರ ಒಬ್ಬಳಿಗೆ! ಕೆಲಸದ ಮೇಲೆ ನಮಗೆ ಅಧಿಕಾರವಿದೆ, ಫಲದ ಮೇಲಿಲ್ಲ ಎಂಬ ಗೀತೆಯ ಮಾತನ್ನು ನಾನು ಅವರಿಗೆ ಲೆಕ್ಕದಂತೆ ಬಿಡಿಸಿ ಹೇಳುತ್ತೇನೆ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ನಮ್ಮ ಕೈಯಲ್ಲಿರುವುದು: ಇಂದು ಓದುವ ಪಾಠ, ಹೊತ್ತಿಗೆ ಊಟ, ರಾತ್ರಿಯ ನಿದ್ದೆ. ನಮ್ಮ ಕೈಯಲ್ಲಿಲ್ಲದ್ದು: ಪ್ರಶ್ನೆಪತ್ರಿಕೆ, ಬೇರೆಯವರ ಅಂಕ, ನೆಂಟರ ಮಾತು. ಮೊದಲ ಪಟ್ಟಿಗೆ ಮೈಯೆಲ್ಲ ದುಡಿಯಿರಿ. ಎರಡನೆಯದನ್ನು ಮಡಿಸಿ ಇಡಿ. ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಮೂರು ತಿಂಗಳಿಗೊಮ್ಮೆ ಬರುವ ರಕ್ತಪರೀಕ್ಷೆಯ ವರದಿ ಫಲ. ಇಂದಿನ ನಡಿಗೆ, ಇಂದಿನ ಮಾತ್ರೆ ಕೆಲಸ.

ಮೊದಲು ಕಹಿ, ಆಮೇಲೆ ಸಿಹಿ

ಇದೆಲ್ಲ ಗೊತ್ತಿದ್ದೂ ಏಕೆ ಮಾಡುವುದಿಲ್ಲ? ಹದಿನೆಂಟನೆಯ ಅಧ್ಯಾಯ ಇದಕ್ಕೆ ಉತ್ತರ ಹೇಳುತ್ತದೆ. ಒಂದು ಬಗೆಯ ಸುಖ ಮೊದಲು ವಿಷದಂತಿದ್ದು ಕೊನೆಗೆ ಅಮೃತವಾಗುತ್ತದೆ. ಇನ್ನೊಂದು ಬಗೆಯದು ಮೊದಲು ಅಮೃತ, ಕೊನೆಗೆ ವಿಷ. ಚಳಿಗಾಲದ ಬೆಳಗಿನ ಐದೂವರೆಗೆ ಎದ್ದು ನಡೆಯುವುದು ಮೊದಲ ಬಗೆ. ರಾತ್ರಿ ಹನ್ನೊಂದಕ್ಕೆ ತರಿಸಿಕೊಂಡ ಐಸ್‌ಕ್ರೀಮು ಎರಡನೆಯದು. ಸಿಗರೇಟು, ಹೆಂಡಗಳ ಮಾತು ಹೇಳುವುದೇ ಬೇಡ. ಮನಸ್ಸನ್ನು ಹಿಡಿಯುವುದು ಕಷ್ಟವೆಂದು ಅರ್ಜುನ ದೂರಿದಾಗ ಕೃಷ್ಣ ಅದನ್ನು ಒಪ್ಪಿಕೊಂಡೇ, ಅಭ್ಯಾಸ ಮತ್ತು ವೈರಾಗ್ಯದಿಂದ ಸಾಧ್ಯವೆನ್ನುತ್ತಾನೆ. ಆದ್ದರಿಂದ ಐದನ್ನೂ ಒಂದೇ ದಿನ ಹಿಡಿಯಬೇಡಿ. ಒಂದನ್ನು ಹಿಡಿದು ಒಂದು ತಿಂಗಳು ನಡೆಸಿ, ಆಮೇಲೆ ಇನ್ನೊಂದು.

ನೆನಪಿಡಿ

• ಗೀತೆ ಓದುತ್ತೇನೆಂದು ರಕ್ತದೊತ್ತಡದ, ಸಕ್ಕರೆಯ, ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

• ಎರಡು ವಾರಕ್ಕೂ ಹೆಚ್ಚು ಕಾಲ ಬೇಸರ, ನಿರಾಸಕ್ತಿ, ನಿದ್ದೆಗೇಡು ಇದ್ದರೆ ಅದನ್ನು ಖಿನ್ನತೆ ಎಂದು ಶಂಕಿಸಿ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ತಡಮಾಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

• ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ.

• ವ್ರತ, ಉಪವಾಸಗಳ ವಿಚಾರವನ್ನು ವೈದ್ಯರಿಂದ ಮುಚ್ಚಿಡಬೇಡಿ. ಹಲವು ಸಲ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿ ದಾರಿ ಮಾಡಿಕೊಡಬಹುದು.

ಆ ತಾಯಿಗೂ ಹಾಗೆಯೇ ಮಾಡಿದೆ. ಮಾತ್ರೆ ಬದಲಾಯಿಸಿದೆ. ಏಕಾದಶಿಯಂದು ಧಾನ್ಯ ಬಿಟ್ಟು ಹಣ್ಣು, ಹಾಲು, ಮಜ್ಜಿಗೆಯನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳಲು ಒಪ್ಪಿದರು. ಕಂಪನಿಯವರು ರಕ್ತದೊತ್ತಡದ ಮಾತ್ರೆಯ ಜೊತೆಗೆ ರಾತ್ರಿ ಹನ್ನೊಂದಕ್ಕೆ ಮಲಗುವ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ. ಒತ್ತಡ ಈಗ 136/86ಕ್ಕೆ ಬಂದಿದೆ.

ಕಳೆದ ತಿಂಗಳು ಆ ತಾಯಿ ಪರೀಕ್ಷೆಗೆ ಬಂದಾಗ ಮಧ್ಯಾಹ್ನ ಮೂರೂವರೆ. ನನ್ನ ಹಿಂದಿನ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚದೆ ಕುಳಿತಿತ್ತು. ಅವರ ಕಣ್ಣು ಅದರ ಮೇಲೆ ಬಿತ್ತು. "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ, ನಿಮ್ಮ ಊಟ ಆಯಿತೇ? ಆರನೇ ಅಧ್ಯಾಯ ನಮಗೆ ಮಾತ್ರವೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಳಿಂದ ನನ್ನ ಊಟ ನಾಲ್ಕು ಗಂಟೆಗೇ ಆಗುತ್ತಿತ್ತು.

ಈಗ ನನ್ನ ಕ್ಲಿನಿಕ್ಕಿನ ಬಾಗಿಲಿಗೆ ಒಂದು ಫಲಕ ತೂಗುತ್ತದೆ: ಒಂದೂವರೆಯಿಂದ ಎರಡೂವರೆ, ಊಟದ ವಿರಾಮ. ತುರ್ತು ರೋಗಿಗಳು ಬಂದರೆ ಏಳುತ್ತೇನೆ. ಉಳಿದವರು ಕಾಯುತ್ತಾರೆ. ಯಾರೂ ಬೇಸರ ಮಾಡಿಕೊಂಡಿಲ್ಲ. ನಿಮ್ಮ ಮನೆಯಲ್ಲಿ ಐದರಲ್ಲಿ ಯಾವ ಅಳತೆ ತಪ್ಪಿದೆ? ಇಂದು ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಾಗ ಮಾತನಾಡಿ ನೋಡಿ.